ಡೊಂಬಿವಲಿಯ ಹಿತ್ತಲಲ್ಲಿ ಕೋಳಿಗೂಡು

ಪ್ರಶ್ನೆ: ಡೊಂಬಿವಲಿಯ ನಮ್ಮ ಬೈಠಾ (ಒಂದೇ ಅಂತಸ್ತಿನ) ಮನೆಯ ಹಿಂದೆ ಸ್ವಲ್ಪ ಜಾಗವಿದೆ. ನಾಲ್ಕೈದು ಕೋಳಿಗೆ ನಾನೇ ಗೂಡು ಕಟ್ಟಬಹುದೇ?

ಉತ್ತರ: ಧಾರಾಳವಾಗಿ. ಮೊದಲು ಮಹಾನಗರಪಾಲಿಕೆಯ ವಾರ್ಡ್ ಕಚೇರಿಯಲ್ಲಿ ವಿಚಾರಿಸಿ, ಪಕ್ಕದ ಮನೆಯವರಿಗೂ ಹೇಳಿ. ಹುಂಜ ಬೇಡವೇ ಬೇಡ. ಮೊಟ್ಟೆಗೆ ಹೇಂಟೆ ಸಾಕು, ಹುಂಜದ ನಸುಕಿನ ಕೂಗಿನಿಂದ ಜಗಳವಷ್ಟೇ.

ಒಳಗೆ ಕೋಳಿಯೊಂದಕ್ಕೆ ಎರಡು ಚದರಡಿ ಸಾಕು. ಗೂಡಿನ ಉದ್ದ ಪೂರ್ವ-ಪಶ್ಚಿಮವಾಗಿರಲಿ, ಬಿಸಿಲು ನೇರವಾಗಿ ಒಳಗೆ ಹೊಡೆಯದು. ನಿಮ್ಮ ಕಡೆ ನಿಜವಾದ ಶತ್ರು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದಿಂದ ಬೀಸಿ ಬರುವ ಎರಚಲು ತಡೆಯಲು ಮಾಡಿನ ತಗಡು ಗೋಡೆಯಿಂದ ಮೂರಡಿ ಹೊರಚಾಚಲಿ, ನೆಲ ಮಣ್ಣಿನಿಂದ ಎರಡಡಿ ಮೇಲಿರಲಿ. ಹಾಸಿದ ಭತ್ತದ ಹೊಟ್ಟು ಒದ್ದೆಯಾದರೆ ಅಮೋನಿಯಾ ಕಣ್ಣುರಿಸುತ್ತದೆ, ರಕ್ತಭೇದಿ ಬಂದು ಮರಿಗಳು ಸಾಯುತ್ತವೆ. ಹೊಟ್ಟನ್ನು ಆಗಾಗ ಕೆದಕಿ, ಒದ್ದೆಯಾದ ಭಾಗ ತೆಗೆದುಬಿಡಿ.

ಅಂಗಡಿಯವರು ಕೊಡುವ ತೆಳು ಷಟ್ಕೋನ ಜಾಲರಿ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಹೆಗ್ಗಣ, ಮುಂಗುಸಿಗಳನ್ನು ಹೊರಗಿಡುವುದಿಲ್ಲ. ಅರ್ಧ ಇಂಚಿನ ಬೆಸುಗೆ ಜಾಲರಿಯನ್ನೇ ಕೇಳಿ ತನ್ನಿ. ಕೋಳಿ ಓಡಾಡುವ ಅಂಗಳದ ಸುತ್ತಲೂ ಅದನ್ನು ಒಂದಡಿ ಮಣ್ಣಿನೊಳಕ್ಕೆ ಹೂಳಿ. ಕೂರಲು ಗಳು, ಮೊಟ್ಟೆಗೆ ಒಂದು ಪೆಟ್ಟಿಗೆ. ತಳಿ? ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹಿತ್ತಲಿಗೆಂದೇ ಬೆಳೆಸಿದ ಗಿರಿರಾಜ ಒಳ್ಳೆಯದು, ಆದರೆ ಮೈ ಭಾರ, ಗಳು ತಗ್ಗಿನಲ್ಲಿರಲಿ.

ರೋಗದ ಬಗ್ಗೆಯೂ ಎಚ್ಚರವಿರಲಿ: 2022ರ ಫೆಬ್ರವರಿಯಲ್ಲಿ ನಿಮ್ಮದೇ ಠಾಣೆ ಜಿಲ್ಲೆಯ ಶಹಾಪುರ ತಾಲೂಕಿನಲ್ಲಿ ಹಕ್ಕಿಜ್ವರ ಬಂದು ಸಾವಿರಾರು ಕೋಳಿಗಳನ್ನು ಕೊಲ್ಲಬೇಕಾಯಿತು. ರೋಗ ತರಬಲ್ಲ ಕಾಗೆ, ಕೊಕ್ಕರೆ ಮುಟ್ಟದಂತೆ ಕಾಳು-ನೀರನ್ನು ಮಾಡಿನ ಕೆಳಗೇ ಇಡಿ. ಒಮ್ಮೆಲೇ ಹಲವು ಕೋಳಿ ಸತ್ತರೆ ಕೈಯಿಂದ ಮುಟ್ಟದೆ ಪಶುವೈದ್ಯರಿಗೆ ತಿಳಿಸಿ.