ಕಣ್ಣೆದುರಿನ ಸಿರಿ

ಬಳ್ಳಾರಿಯವರಿಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ಹೊರಗಿನವರು ಪರಿಹಾಸ ಮಾಡುವುದುಂಟು. ಅದನ್ನು ಕೇಳಿ ಕೇಳಿ ನಾವೂ ಹಾಗೆಯೇ ನಂಬಿದ್ದೆವು. ನಿಸರ್ಗವನ್ನು ಕಾಣಬೇಕೆಂದರೆ ಮಲೆನಾಡಿಗೋ ಊಟಿಗೋ ಹೋಗಬೇಕು, ಈ ಬಂಡೆಗಳ ನಾಡಿನಲ್ಲಿ ನೋಡುವುದೇನಿದೆ ಎಂಬುದು ನಮ್ಮ ಭಾವನೆಯಾಗಿತ್ತು. ಆ ಭಾವನೆಯನ್ನು ತಿದ್ದಿದವರು ನಮ್ಮ ತಾಯಿಯವರು.

2024ರ ಬೇಸಿಗೆಯಲ್ಲಿ ನಮ್ಮ ತಂದೆಯವರು ಲಿಂಗೈಕ್ಯರಾದರು. ಸಿರುಗುಪ್ಪದ ಬಳಿಯ ಹಳ್ಳಿಯಲ್ಲಿ ಒಬ್ಬರೇ ಉಳಿದ ತಾಯಿಯವರನ್ನು ಬಳ್ಳಾರಿಯ ನಮ್ಮ ಮನೆಗೆ ಕರೆತಂದೆವು. ಅವರು ಅಳಲಿಲ್ಲ, ದೂರಲಿಲ್ಲ. ಆದರೆ ಮಾತೇ ನಿಂತುಹೋಯಿತು. ನಾವು ಹೊಸ ಟಿ.ವಿ. ತಂದಿಟ್ಟೆವು. ಊಟಿಗೆ ಹೋಗಿಬರೋಣವೆಂದೆವು. “ಅಲ್ಲಿ ನನಗೇನೈತಪ್ಪಾ?” ಎಂದಷ್ಟೇ ಹೇಳಿ ಸುಮ್ಮನಾದರು.

ನಸುಕಿನಲ್ಲೆದ್ದು ಅಂಗಳಕ್ಕೆ ನೀರು ಚಿಮುಕಿಸಿ, ರಂಗೋಲಿಯಿಟ್ಟು, ಲಿಂಗಪೂಜೆ ಮುಗಿಸಿ ಅವರು ಮಾಳಿಗೆಯ ಮೇಲೆ ಹೋಗಿ ಕುಳಿತುಕೊಳ್ಳುತ್ತಿದ್ದರು. ಒಂದು ದಿನ ನಾವೂ ಹೋಗಿ ಪಕ್ಕದಲ್ಲಿ ಕುಳಿತೆವು. ಅವರು ಬಳ್ಳಾರಿ ಗುಡ್ಡವನ್ನೇ ನೋಡುತ್ತಿದ್ದರು. ಮೊದಲು ವಿಭೂತಿಯ ಬಣ್ಣದಲ್ಲಿದ್ದ ಬಂಡೆ ಸೂರ್ಯನ ಮೊದಲ ಕಿರಣ ತಾಗುತ್ತಲೇ ತಾಮ್ರದಂತಾಯಿತು. ಸ್ವಲ್ಪ ಹೊತ್ತಿನಲ್ಲಿ ಕೋಟೆಯ ಗೋಡೆಯ ಒಂದೊಂದು ಕಲ್ಲೂ ಬೇರೆಬೇರೆಯಾಗಿ ಕಾಣತೊಡಗಿತು. ಈ ಭಾಗದ ಕಣಶಿಲೆ 200 ಕೋಟಿ ವರ್ಷಗಳಿಗೂ ಹಿಂದಿನದೆಂದು ನಾವು ಪುಸ್ತಕದಲ್ಲಿ ಓದಿದ್ದೆವು. ಗುಡ್ಡದ ನೆರಳಿನಲ್ಲಿಯೇ ಇಪ್ಪತ್ತು ವರ್ಷ ಬಾಳಿದ್ದರೂ ಅದು ಬೆಳಗಾಗುವುದನ್ನು ಮಾತ್ರ ಎಂದೂ ನೋಡಿರಲಿಲ್ಲ.

ಅದೇ ವರ್ಷ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟಿನ ಸರಪಳಿ ತುಂಡಾಗಿ, ಗೇಟು ನೀರಿನಲ್ಲಿ ಕೊಚ್ಚಿಹೋಯಿತು. 1953ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟೆಯೇ ಕರ್ನಾಟಕ, ಆಂಧ್ರ, ತೆಲಂಗಾಣಗಳ ಲಕ್ಷಾಂತರ ಎಕರೆಗೆ ಜೀವ. ತುಂಬಿದ್ದ ನೀರು ನದಿಗೆ ಹರಿದುಹೋಗುತ್ತಿದ್ದರೆ ನಾಟಿ ಮಾಡಿದ ರೈತರ ಎದೆ ನಡುಗಿತು. ನಮ್ಮ ತಾಯಿಯವರು ಅಂದು ಮೊದಲ ಬಾರಿಗೆ ತಾವಾಗಿಯೇ ಕೇಳಿದರು: “ನೀರು ನಿಂತೀತೇನಪ್ಪಾ?” ವಾರವೊಂದರಲ್ಲಿ, ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ಗೇಟನ್ನು ಇಳಿಸಲಾಯಿತು. ಮತ್ತೆ ಮಳೆ ಬಂದು ಜಲಾಶಯ ತುಂಬತೊಡಗಿತು. ಸುದ್ದಿ ಕೇಳಿ ಅವರು, “ಒಮ್ಮೆ ಕಾಲುವೆ ನೋಡಬೇಕು” ಎಂದರು.

ಶ್ರಾವಣದ ಕಡೆಯ ಸೋಮವಾರ ಹೊರಟೆವು. ಸ್ವಲ್ಪ ಸುತ್ತಾದರೂ ಕುರುಗೋಡಿನ ಮಾರ್ಗ ಹಿಡಿದೆವು. 12ನೆಯ ಶತಮಾನದಲ್ಲಿ ಸಿಂದ ಅರಸರು ಆಳಿದ ಊರದು. ಅಲ್ಲಿನ ದೊಡ್ಡ ಬಸವೇಶ್ವರನ ಮುಂದೆ ನಿಂತಾಗ ತಾಯಿಯವರು ಏಕಶಿಲೆಯ ಆ ಬೃಹನ್ಮೂರ್ತಿಯನ್ನು ಬಹಳ ಹೊತ್ತು ದಿಟ್ಟಿಸಿ, “ನಮ್ಮ ಎಡಗಡೆ ಎತ್ತೂ ಹಿಂಗೇ ಕುಂತು ಮೆಲುಕು ಹಾಕತಿತ್ತು” ಎಂದರು. ಭಕ್ತಿಗೂ ನೆನಪಿಗೂ ನಡುವೆ ಅವರಿಗೆ ಗೆರೆಯೇ ಇರಲಿಲ್ಲ. ಬಳ್ಳಾರಿಯ ಮಗ್ಗುಲಿನ ಸಂಗನಕಲ್ಲು-ಕಪ್ಪಗಲ್ಲು ಗುಡ್ಡದ ಬಂಡೆಗಳ ಮೇಲೆ ನವಶಿಲಾಯುಗದ ಜನ ಕಲ್ಲಿನಿಂದ ಕುಟ್ಟಿ ಎತ್ತುಗಳ ಚಿತ್ರ ಮೂಡಿಸಿದ್ದಾರೆ. ಸಾವಿರಾರು ವರ್ಷಗಳ ಹಿಂದೆಯೂ ಇದೇ ನೆಲದಲ್ಲಿ ಯಾರೋ ತಮ್ಮ ಎತ್ತನ್ನು ಹೀಗೆಯೇ ಕಣ್ತುಂಬ ನೋಡಿರಬೇಕು.

ಕುರುಗೋಡು ದಾಟಿ ಸಿರುಗುಪ್ಪ ಸೀಮೆಗೆ ಬಂದಂತೆ ಕಣ್ಣು ಹಾಯ್ದಷ್ಟೂ ಭತ್ತದ ಹಸಿರು. ಅಣೆಕಟ್ಟೆಗಿಂತ ಮೊದಲೇ, ವಿಜಯನಗರದ ಅರಸರ ಕಾಲದಿಂದಲೂ ಇಲ್ಲಿಗೆ ಹೊಳೆಯ ನೀರನ್ನು ಕಾಲುವೆಯಲ್ಲಿ ತಿರುಗಿಸಿದ್ದಾರೆ. ನಮ್ಮೂರ ಹತ್ತಿರ ಕಾಲುವೆ ದಂಡೆ ತುಂಬಿ ಹರಿಯುತ್ತಿತ್ತು. ಗದ್ದೆಯಲ್ಲಿ ಬೆಳ್ಳಕ್ಕಿಗಳು ಒಂದೊಂದೇ ಹೆಜ್ಜೆಯಿಟ್ಟು ನಡೆಯುತ್ತಿದ್ದವು. ತಾಯಿಯವರು ಸೀರೆಯನ್ನು ತುಸು ಎತ್ತಿ ಹಿಡಿದು ಮೆಟ್ಟಿಲಿಳಿದು ನೀರಿನಲ್ಲಿ ಕಾಲಿಟ್ಟರು. “ನೀರು ಬಿಟ್ಟ ದಿನ ನಿಮ್ಮಪ್ಪ ಓಡಿಬಂದು, ‘ಬಂತು, ಬಂತು’ ಅನ್ನೋರು. ಅಷ್ಟು ವರ್ಷ ಆದ್ರೂ ಹೊಸಾದು ಕಂಡಂಗ” ಎಂದು ನಕ್ಕರು. ನಾಲ್ಕು ತಿಂಗಳ ಮೇಲೆ ಕಂಡ ನಗು ಅದು. ನಗುತ್ತಲೇ ಕಣ್ಣೀರೂ ಬಂತು. ಕಾಲುವೆ ಹರಿಯುತ್ತಲೇ ಇತ್ತು.

ಬೇವಿನ ನೆರಳಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಬಿಚ್ಚಿದೆವು. ಆ ತುತ್ತಿನ ರುಚಿ ಇಂದಿಗೂ ನೆನಪಿದೆ. ನಮ್ಮ ಮಕ್ಕಳಂತೂ ಮೊಬೈಲನ್ನು ಕಾರಿನಲ್ಲಿಯೇ ಬಿಟ್ಟು, ಅಜ್ಜಿ ತೋರಿಸಿದ ಏಡಿಯ ಬಿಲವನ್ನು ಬಗ್ಗಿ ನೋಡುತ್ತಿದ್ದರು.

ದೋಣಿ ನಡೆಸಿದ ಅಂಬಿಗರ ಚೌಡಯ್ಯ, ಹುಲ್ಲು ಕೊಯ್ದು ಹಗ್ಗ ಹೊಸೆದ ನುಲಿಯ ಚಂದಯ್ಯ ಮೊದಲಾದ ಶರಣರ ಬದುಕನ್ನು ನೆನೆದರೆ, ದಿನದ ಕಾಯಕದಲ್ಲಿಯೇ ಅವರು ಪರಮಾನಂದವನ್ನು ಕಂಡರೆಂಬುದು ತಿಳಿಯುತ್ತದೆ. ಅದನ್ನು ನಾವು ಅನೇಕ ಬಾರಿ ಕೇಳಿದ್ದೇವೆ. ಹರಿಯುವ ನೀರಿನಲ್ಲಿ ನಿಂತ ತಾಯಿಯ ಮುಖವನ್ನು ಕಂಡ ಮೇಲೆ ಅದರ ಅರ್ಥ ಹತ್ತಿರವಾಯಿತು.

ಅಂದಿನಿಂದ ಅವರ ದುಃಖವೆಲ್ಲ ಕಳೆಯಿತೆಂದು ಹೇಳಲಾರೆವು. ಇಂದಿಗೂ ಕೆಲವು ದಿನ ಮೌನವಾಗಿರುತ್ತಾರೆ. ಆದರೆ ನಸುಕಿನಲ್ಲಿ ಮಾಳಿಗೆಯಿಂದ ನಮ್ಮನ್ನು ಕರೆಯುತ್ತಾರೆ: “ಬರ್ರಿ, ಗುಡ್ಡಕ್ಕ ಬಿಸಿಲು ಬಂತು.” ನಾವು ಹೋಗಿ ಕುಳಿತುಕೊಳ್ಳುತ್ತೇವೆ. ತಂದೆಯವರ ಪಕ್ಕದಲ್ಲಿ ಹೀಗೆ ಒಂದು ದಿನವಾದರೂ ಕಾಲುವೆಯ ದಂಡೆಯಲ್ಲಿ ಕೂಡಲಿಲ್ಲವಲ್ಲ ಎಂಬ ಕೊರಗು ನಮಗುಂಟು.

ಸಹೃದಯ ಬಂಧುಗಳೇ, ತಮ್ಮ ಮನೆಯಲ್ಲಿಯೂ ಹಿರಿಯರೊಬ್ಬರು ಕಟ್ಟೆಯ ಮೇಲೆ ಕುಳಿತು ಏನನ್ನೋ ನೋಡುತ್ತಿರಬಹುದು. ನಾಳೆ ಬೆಳಿಗ್ಗೆ ಹತ್ತು ನಿಮಿಷ ಅವರ ಪಕ್ಕದಲ್ಲಿ ಕುಳಿತು, ಅವರು ನೋಡುವುದನ್ನು ತಾವೂ ನೋಡಿರಿ.