ಹಗಲುಗನಸು

ನಿದ್ರೆಯಲ್ಲಿ ಕಾಣುವುದು ಕನಸು. ಕಣ್ಣು ತೆರೆದಿರುವಾಗಲೇ ಮನಸ್ಸು ಕಟ್ಟಿಕೊಳ್ಳುವುದು ಹಗಲುಗನಸು. ‘ಹಗಲಿನ ಕನಸು’ ಎಂಬುದು ಇದರ ವಿಗ್ರಹವಾಕ್ಯವಾದುದರಿಂದ ಇದು ತತ್ಪುರುಷ ಸಮಾಸ. ‘ಮಳೆ’, ‘ಕಾಲ’ ಎಂಬ ಪದಗಳು ಕೂಡಿ ‘ಮಳೆಗಾಲ’ವಾದಂತೆ ಇಲ್ಲಿಯೂ ಕಕಾರಕ್ಕೆ ಗಕಾರವು ಆದೇಶವಾಗಿ ಬಂದಿದೆ. ಇಲ್ಲಿ ‘ಹಗಲು’ ಎಂದರೆ ಎಚ್ಚರದ ಸ್ಥಿತಿ ಎಂದು ತಿಳಿಯಬೇಕು. ನಡುರಾತ್ರಿ ನಿದ್ದೆಗೆಟ್ಟು ಅರಮನೆ ಕಟ್ಟುವವನದೂ ಹಗಲುಗನಸೇ.

ಜನರ ಮಾತಿನಲ್ಲಿ ಒಂದು ಸೂಕ್ಷ್ಮವಿದೆ. ‘ರಾತ್ರಿ ಕನಸು ಬಿತ್ತು’ ಎನ್ನುತ್ತಾರೆ. ‘ಹಗಲುಗನಸು ಬಿತ್ತು’ ಎನ್ನುವುದಿಲ್ಲ, ‘ಹಗಲುಗನಸು ಕಂಡ’ ಎನ್ನುತ್ತಾರೆ. ರಾತ್ರಿಯ ಕನಸು ತಾನಾಗಿ ಬರುವಂಥದು. ಅದಕ್ಕೆ ಯಾರೂ ಹೊಣೆಯಲ್ಲ. ಹಗಲುಗನಸನ್ನು ಕಾಣುವವನೇ ಹೆಣೆಯುತ್ತಾನೆ. ಆದುದರಿಂದಲೇ ಈ ಪದಕ್ಕೆ ನಿಂದೆಯ ಛಾಯೆ ಅಂಟಿಕೊಂಡಿದೆ. ‘ಗಾಳಿಗೋಪುರ ಕಟ್ಟು’, ‘ಮನಸ್ಸಿನಲ್ಲಿ ಮಂಡಿಗೆ ತಿನ್ನು’ ಎಂಬ ನುಡಿಗಟ್ಟುಗಳೂ ಇದೇ ಬಳಗದವು. ಮನಸ್ಸಿನ ಮಂಡಿಗೆಗೆ ಹಿಟ್ಟೂ ಬೇಡ, ಒಲೆಯೂ ಬೇಡ. ಆದರೆ ಅದರಿಂದ ಹೊಟ್ಟೆ ತುಂಬುವುದಿಲ್ಲ.

ಪಂಚತಂತ್ರದ ಬ್ರಾಹ್ಮಣನ ಕಥೆ ಇದಕ್ಕೆ ಪ್ರಸಿದ್ಧ ನಿದರ್ಶನ. ಅವನು ಹಿಟ್ಟಿನ ಗಡಿಗೆಯನ್ನು ಗೂಟಕ್ಕೆ ತೂಗುಹಾಕಿ, ಅದರ ಕೆಳಗೆ ಮಲಗಿ ಯೋಚಿಸತೊಡಗಿದನು. ಬರಗಾಲದಲ್ಲಿ ಹಿಟ್ಟು ಮಾರಿ ಆಡು, ಆಡುಗಳಿಂದ ಹಸು, ಮುಂದೆ ಮನೆ, ಮಡದಿ, ಮಗ ಸೋಮಶರ್ಮ! ಕನಸಿನ ಮಡದಿಯನ್ನು ಒದೆಯಹೋದಾಗ ಕಾಲು ಗಡಿಗೆಗೆ ತಾಗಿತು. ಉಳಿದುದು ಮೈಗೆ ಮೆತ್ತಿದ ಹಿಟ್ಟು ಮಾತ್ರ.

ಹಾಗಾದರೆ ಮುಂದಿನದನ್ನು ನೆನೆಯುವುದೇ ದೋಷವೆ? ಅಲ್ಲ. ರಾಯಚೂರು ಜಿಲ್ಲೆ ದೇವದುರ್ಗ ತಾಲೂಕಿನ ಗೂಗಲ್ ಕೃಷ್ಣಾತೀರದ ಊರು. ಅಲ್ಲಿ ನದಿಗೆ ಸೇತುವೆಯೂ ಬ್ಯಾರೇಜೂ ಒಂದಾಗಿ ನಿಂತಿವೆ. ಕಟ್ಟುವ ಮುನ್ನ ಅದು ಕೂಡ ಮನಸ್ಸಿನಲ್ಲಿ ಮಾತ್ರ ಇದ್ದ ಚಿತ್ರವೇ. ಅಳತೆ, ಲೆಕ್ಕ, ಕಲ್ಲು, ಸಿಮೆಂಟು, ದುಡಿಮೆ ಕೂಡಿದಾಗ ಚಿತ್ರ ಕಟ್ಟಡವಾಯಿತು. ನೆನೆದುದಕ್ಕೂ ಮಾಡುವುದಕ್ಕೂ ನಡುವೆ ಮೆಟ್ಟಿಲುಗಳಿದ್ದರೆ ಅದು ಯೋಜನೆ; ಇಲ್ಲದಿದ್ದರೆ ಹಗಲುಗನಸು.

ಈ ಪದವನ್ನು ಬಳಸುವಾಗ ಎಚ್ಚರ ಬೇಕು. ಒಣಭೂಮಿಯ ಕೂಲಿಕಾರನ ಮಗಳು ವೈದ್ಯಳಾಗಬೇಕೆಂದರೆ ‘ಹಗಲುಗನಸು’ ಎಂದು ನಗುವವರುಂಟು. ಅವಳು ದಿನವೂ ಪುಸ್ತಕ ಹಿಡಿದು ಕೂಡುವವಳಾದರೆ ಆ ಮಾತು ತಪ್ಪು ಪ್ರಯೋಗ ಮಾತ್ರವಲ್ಲ, ಅನ್ಯಾಯವೂ ಹೌದು. ಆಸೆಯ ಎತ್ತರವನ್ನು ನೋಡಿ ಈ ಪದವನ್ನು ಆಡಬಾರದು. ಅದರ ಹಿಂದಿರುವ ಪ್ರಯತ್ನವನ್ನು ನೋಡಿ ಆಡಬೇಕು.