ಗಸಿಯ ಮೇಲೆ ಮಲಗಿದ ವೈನ್

ಕಾರ್ ರೇಸ್ ಗೆದ್ದವರು ವೇದಿಕೆ ಹತ್ತಿ ಬಾಟಲಿ ಕುಲುಕಿ ನೊರೆ ಚಿಮ್ಮಿಸುವುದನ್ನು ಟಿವಿಯಲ್ಲಿ ನೋಡಿಯೇ ಇರುತ್ತೀರಿ. ಆ ರೂಢಿ ಪ್ರಸಿದ್ಧವಾಗಿದ್ದು ಅಮೆರಿಕದ ಡ್ಯಾನ್ ಗರ್ನಿ ಅವರಿಂದ. 1967ರಲ್ಲಿ ಫ್ರಾನ್ಸಿನ ಲ ಮಾನ್ ರೇಸ್ ಗೆದ್ದ ಖುಷಿಯಲ್ಲಿ ಅವರು ಸುತ್ತ ನಿಂತವರ ಮೇಲೆಲ್ಲ ಶಾಂಪೇನ್ ಎರಚಿದರು. ಈಗ ನಮ್ಮ ರಿಸೆಪ್ಷನ್ನುಗಳಲ್ಲೂ ಹೊಸ ವರ್ಷದ ಪಾರ್ಟಿಗಳಲ್ಲೂ ಬಿರಡೆ ಹಾರಿದ ಸದ್ದೇ ಮುಖ್ಯ. ಒಳಗಿನ ವೈನ್ ಹೇಗಿತ್ತು ಎಂದು ಕೇಳುವವರು ಕಡಿಮೆ. ಅದು ಹೇಗಿರುತ್ತದೆ, ಹಾಗೆ ಆಗಲು ಏನೆಲ್ಲ ಬೇಕು ಎಂದು ಹೇಳಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇದೆ.

ಕಾಫಿಯ ರುಚಿ ನೋಡುವುದು ನನ್ನ ಕಸುಬು. ಚಿಕ್ಕಮಗಳೂರಿನ ತೋಟಗಳಿಂದ ಬಂದ ಸ್ಯಾಂಪಲ್‌ಗಳನ್ನು ಸಾಲಾಗಿಟ್ಟು, ಚಮಚದಲ್ಲಿ ಸುರ್ರನೆ ಹೀರಿ, ಉಗಿದು, ಹುಳಿ ಹೇಗಿದೆ, ಬಾಯಿಗೆ ಎಷ್ಟು ತುಂಬುತ್ತದೆ, ಕೊನೆಗೆ ನಾಲಿಗೆಯಲ್ಲಿ ಏನು ಉಳಿಯಿತು ಎಂದು ಬರೆದಿಡುತ್ತೇನೆ. ವೈನ್ ಪರೀಕ್ಷಿಸುವವರದ್ದೂ ಇದೇ ಕೆಲಸ, ಅವರೂ ಉಗಿಯುತ್ತಾರೆ. ಆ ಕುತೂಹಲದಿಂದಲೇ ಶಾಂಪೇನ್ ಸೀಮೆಗೆ ಹೋಗಿ ಬಂದೆ.

ಹುಳಿಯೇ ಬಂಡವಾಳ

ಈ ಸೀಮೆ ಇರುವುದು ಪ್ಯಾರಿಸ್ಸಿನ ಪೂರ್ವಕ್ಕೆ, ರೀಮ್ಸ್ ಮತ್ತು ಎಪರ್ನೇ ಪಟ್ಟಣಗಳ ಸುತ್ತ. ಅಲ್ಲಿ ಸುಮಾರು 34,000 ಹೆಕ್ಟೇರ್ ದ್ರಾಕ್ಷಿ ತೋಟವಿದೆ. ಕಾಲಡಿಯಲ್ಲಿ ಸೀಮೆಸುಣ್ಣದ ನೆಲ, ಮೇಲೆ ಹಣ್ಣು ಮಾಗಲು ಸಾಕೋ ಸಾಲದೋ ಎನ್ನುವಷ್ಟು ಬಿಸಿಲು. ಹಾಗಾಗಿ ಹಣ್ಣಿನಲ್ಲಿ ಸಕ್ಕರೆ ಕಡಿಮೆ, ಹುಳಿ ಜಾಸ್ತಿ. ಮಾಮೂಲಿ ವೈನಿಗೆ ಇದು ಕೊರತೆ; ಗುಳ್ಳೆಯ ವೈನಿಗೆ ಇದೇ ಬೆನ್ನೆಲುಬು.

ಇಲ್ಲಿನ ಮುಖ್ಯ ತಳಿಗಳು ಮೂರು. ಶಾರ್ಡೊನೆ ಬಿಳಿ ದ್ರಾಕ್ಷಿ. ಪೀನೋ ನ್ವಾರ್ ಮತ್ತು ಮ್ಯೂನ್ಯೇ ಕಪ್ಪು. ಕಪ್ಪು ದ್ರಾಕ್ಷಿಯ ಬಣ್ಣವೆಲ್ಲ ಸಿಪ್ಪೆಯಲ್ಲಿದೆ, ರಸಕ್ಕೆ ಬಣ್ಣವಿಲ್ಲ. ಸಿಪ್ಪೆ ನಲುಗದಂತೆ ಮೆಲ್ಲಗೆ ಹಿಂಡಿದರೆ ಅದರಿಂದಲೂ ಬಿಳಿ ವೈನೇ ಬರುತ್ತದೆ. ಅದಕ್ಕೆಂದೇ ಗೊಂಚಲುಗಳನ್ನು ಕೈಯಿಂದಲೇ ಕೊಯ್ಯಬೇಕೆಂಬ ನಿಯಮವಿದೆ. 4,000 ಕಿಲೋ ಹಣ್ಣಿನಿಂದ 2,550 ಲೀಟರಿಗಿಂತ ಹೆಚ್ಚು ರಸ ತೆಗೆಯುವಂತಿಲ್ಲ.

ಅಲ್ಲಿ ನಾನು ಸವಿದ ಮೊದಲ ವೈನಿನಲ್ಲಿ ಗುಳ್ಳೆಯೇ ಇರಲಿಲ್ಲ. ಅದು ಮೊದಲ ಹುದುಗು ಮುಗಿಸಿದ ಮೂಲ ವೈನ್. ತೆಳುವಾಗಿತ್ತು, ಹಲ್ಲು ಜುಮ್ಮೆನ್ನುವಷ್ಟು ಹುಳಿಯಾಗಿತ್ತು. ಬೇರೆ ಬೇರೆ ಊರು, ತಳಿ, ತೋಟಗಳ ಇಂಥ ವೈನುಗಳನ್ನು, ಹಿಂದಿನ ವರ್ಷಗಳಿಂದ ಕಾದಿಟ್ಟ ವೈನಿನೊಡನೆ ಬೆರೆಸಿ ಮನೆತನದ ರುಚಿಯನ್ನು ಕಾಪಾಡುವುದು ನೆಲಮಾಳಿಗೆಯ ಮುಖ್ಯಸ್ಥರ ಹೊಣೆ. ಅರೇಬಿಕಾ, ರೊಬಸ್ಟಾ ಬೆರೆಸುವ ನಮಗೆ ಬ್ಲೆಂಡ್ ಹೊಸದಲ್ಲ. ಆದರೆ ನಮ್ಮ ಬ್ಲೆಂಡಿನ ರುಚಿ ಅಂದೇ ಗೊತ್ತಾಗುತ್ತದೆ. ಅವರು ಕೆಲವು ವರ್ಷಗಳಾಚೆಯ ರುಚಿಯನ್ನು ಇಂದೇ ಅಂದಾಜು ಮಾಡಬೇಕು. ಆ ನಾಲಿಗೆಗೆ ನಾನು ಕೈಮುಗಿಯುತ್ತೇನೆ.

ಬಾಟಲಿಯೊಳಗಿನ ಎರಡನೇ ಹುದುಗು

ಬೆರೆಸಿದ ವೈನಿಗೆ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಮತ್ತು ಯೀಸ್ಟ್ ಸೇರಿಸಿ ಬಾಟಲಿಗೆ ತುಂಬಿ ಮುಚ್ಚುತ್ತಾರೆ. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಹೊರಹೋಗಲು ದಾರಿಯಿಲ್ಲದ ಅನಿಲ ವೈನಿನಲ್ಲೇ ಕರಗಿ, ಒಳಗಿನ ಒತ್ತಡ ವಾತಾವರಣದ ಐದಾರು ಪಟ್ಟು ಏರುತ್ತದೆ. ಹಿಂದಿನ ಕಾಲದ ತೆಳು ಗಾಜು ಇದನ್ನು ತಾಳದೆ ಒಡೆಯುತ್ತಿತ್ತು. ನೆಲಮಾಳಿಗೆಯ ಆಳುಗಳು ಮುಖಕ್ಕೆ ಕಬ್ಬಿಣದ ಮುಖವಾಡ ಹಾಕಿಕೊಂಡು ಓಡಾಡುತ್ತಿದ್ದರು.

ಗುಳ್ಳೆಯನ್ನು ಕಂಡುಹಿಡಿದವರು ದೋಂ ಪೆರಿನ್ಯೋಂ ಎಂಬ ಸನ್ಯಾಸಿ ಎಂಬ ಕಥೆ ಜನಪ್ರಿಯ. ಆದರೆ ಅವರು ಒವಿಲೇ ಮಠಕ್ಕೆ ಬಂದದ್ದು 1668ರಲ್ಲಿ. ಅದಕ್ಕೂ ಮೊದಲು, 1662ರಲ್ಲೇ, ಸಕ್ಕರೆ ಸೇರಿಸಿ ವೈನಿನಲ್ಲಿ ನೊರೆ ಬರಿಸುವ ಕ್ರಮವನ್ನು ಇಂಗ್ಲೆಂಡಿನ ಕ್ರಿಸ್ಟಫರ್ ಮೆರೆಟ್ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ್ದರು. ಸನ್ಯಾಸಿಯ ನಿಜವಾದ ಹಿರಿಮೆ ಹಣ್ಣಿನ ಆಯ್ಕೆಯಲ್ಲಿ, ಬೆರೆಸುವ ಜಾಣ್ಮೆಯಲ್ಲಿ ಇತ್ತು.

ಬಾಟಲಿಗಳು ಮಲಗುವ ನೆಲದಡಿಯಲ್ಲಿ ಸುಮಾರು 10 ಡಿಗ್ರಿಯ ತಂಪಿದೆ. ರೀಮ್ಸ್‌ನಲ್ಲಿ ಹಳೆಯ ಸುಣ್ಣಕಲ್ಲಿನ ಗಣಿಗಳೇ ಇಂದು ನೆಲಮಾಳಿಗೆಗಳು; 2015ರಲ್ಲಿ ಇವು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಸಕ್ಕರೆ ಮುಗಿದ ಮೇಲೆ ಯೀಸ್ಟ್ ಸತ್ತು ಗಸಿಯಾಗಿ ತಳಕ್ಕಿಳಿಯುತ್ತದೆ. ವೈನ್ ಆ ಗಸಿಯ ಮೇಲೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮಲಗಿರುತ್ತದೆ. ಮಾಮೂಲಿ ಶಾಂಪೇನ್ ಕನಿಷ್ಠ 15 ತಿಂಗಳು ಬಾಟಲಿಯಲ್ಲಿ ಇರಲೇಬೇಕು. ಒಂದೇ ವರ್ಷದ ಹಣ್ಣಿನದ್ದಾದರೆ 3 ವರ್ಷ. ಸತ್ತ ಯೀಸ್ಟ್ ಕರಗುತ್ತ ವೈನಿಗೆ ಮೃದುತನವನ್ನೂ ಪರಿಮಳವನ್ನೂ ಕೊಡುತ್ತದೆ. ಒಳ್ಳೆಯ ಶಾಂಪೇನಿಗೆ ಮೂಗಿಟ್ಟರೆ ಅಯ್ಯಂಗಾರ್ ಬೇಕರಿಯಲ್ಲಿ ಆಗತಾನೆ ಒಲೆಯಿಂದ ತೆಗೆದ ಬನ್ನಿನ ವಾಸನೆ ಬರುವುದು ಇದರಿಂದಲೇ.

ಆ ಗಸಿಯನ್ನು ಹೊರಗೆ ಹಾಕುವುದೇ ದೊಡ್ಡ ತಲೆನೋವಾಗಿತ್ತು. 27ನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡು 1805ರಲ್ಲಿ ವ್ಯಾಪಾರ ಕೈಗೆತ್ತಿಕೊಂಡ ಬಾರ್ಬ್ ನಿಕೋಲ್ ಕ್ಲಿಕೋ ಅವರ ನೆಲಮಾಳಿಗೆಯಲ್ಲಿ, 1816ರ ಸುಮಾರಿಗೆ ಇದಕ್ಕೆ ಉಪಾಯ ಹೊಳೆಯಿತು. ತೂತು ಕೊರೆದ ಹಲಗೆಗೆ ಬಾಟಲಿಯನ್ನು ತಲೆಕೆಳಗಾಗಿ ಸಿಕ್ಕಿಸಿ, ದಿನದಿನವೂ ಚೂರು ಚೂರು ತಿರುಗಿಸುತ್ತ ಗಸಿಯನ್ನು ಕುತ್ತಿಗೆಗೆ ಇಳಿಸಿದರು. ಈಗ ಬಹುತೇಕ ಕಡೆ ಯಂತ್ರವೇ ತಿರುಗಿಸುತ್ತದೆ. ಕೊನೆಗೆ ಕುತ್ತಿಗೆಯನ್ನು ಹೆಪ್ಪುಗಟ್ಟಿಸಿ ಮುಚ್ಚಳ ತೆಗೆದರೆ, ಗಸಿ ಮಂಜುಗಡ್ಡೆಯ ಸಮೇತ ಹಾರಿಹೋಗುತ್ತದೆ. ಆಮೇಲೆ ಚೂರು ಸಿಹಿ ಸೇರಿಸಿ ಬಿರಡೆ ಹಾಕುತ್ತಾರೆ.

ರುಚಿ ನೋಡುವ ಬಗೆ

ಬಾಟಲಿಯನ್ನು 8ರಿಂದ 10 ಡಿಗ್ರಿಗೆ ತಣಿಸಿ. ಅದಕ್ಕಿಂತ ತಣ್ಣಗಾದರೆ ಪರಿಮಳ ಮುದುಡುತ್ತದೆ. ತಂತಿ ಸಡಿಲಿಸುವಾಗಿನಿಂದಲೇ ಬಿರಡೆಯ ಮೇಲೆ ಹೆಬ್ಬೆರಳು ಇರಲಿ. ಬಾಟಲಿಯ ಬಾಯಿ ಯಾರ ಮುಖದ ಕಡೆಗೂ ಬೇಡ. ಬಾಟಲಿಯನ್ನು ಓರೆ ಹಿಡಿದು, ಬಿರಡೆಯನ್ನು ಬಿಗಿಯಾಗಿ ಹಿಡಿದುಕೊಂಡು, ಬಾಟಲಿಯನ್ನೇ ತಿರುಗಿಸಿ. ನಿಟ್ಟುಸಿರಿನಷ್ಟೇ ಸದ್ದಾದರೆ ಸರಿಯಾಗಿ ತೆರೆದಿರಿ ಎಂದರ್ಥ.

ಗ್ಲಾಸ್ ಉದ್ದವಾಗಿ, ಮಧ್ಯೆ ಸ್ವಲ್ಪ ಉಬ್ಬಿ, ಬಾಯಿ ಕಿರಿದಾಗಿರಲಿ. ಅಗಲವಾದ ತಟ್ಟೆಯಂಥ ಗ್ಲಾಸಿನಲ್ಲಿ ಗುಳ್ಳೆಯೂ ಪರಿಮಳವೂ ಬೇಗ ಹೋಗಿಬಿಡುತ್ತವೆ. ಸೋಪಿನ ಅಂಶ ಉಳಿದರೆ ನೊರೆ ಸಾಯುತ್ತದೆ, ಆದ್ದರಿಂದ ಬಿಸಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಗ್ಲಾಸನ್ನು ಓರೆ ಹಿಡಿದು ಸುರಿದರೆ ಹೆಚ್ಚು ಅನಿಲ ಉಳಿಯುತ್ತದೆ. ಗುಳ್ಳೆ ಹುಟ್ಟುವುದು ಗಾಜಿಗೆ ಅಂಟಿದ, ಕಣ್ಣಿಗೆ ಕಾಣದ ಬಟ್ಟೆ-ಕಾಗದದ ಎಳೆಗಳಿಂದ ಎಂದು ರೀಮ್ಸ್ ವಿಶ್ವವಿದ್ಯಾಲಯದ ಜೆರಾರ್ ಲಿಜೆ-ಬೆಲೇರ್ ತೋರಿಸಿದ್ದಾರೆ. ಮೇಲೆದ್ದ ಗುಳ್ಳೆ ಒಡೆದಾಗ ಸಿಡಿಯುವ ತುಂತುರು ಪರಿಮಳವನ್ನು ಮೂಗಿಗೆ ಮುಟ್ಟಿಸುತ್ತದೆ. ಅದಕ್ಕೇ ಮೊದಲು ನೋಡಿ, ಆಮೇಲೆ ಮೂಸಿ.

ಬಾಯಿಗೆ ಹಾಕಿಕೊಂಡ ಒಂದು ಗುಟುಕನ್ನು ತಕ್ಷಣ ನುಂಗಬೇಡಿ. ಗುಳ್ಳೆ ಸೋಡಾದ ಹಾಗೆ ಚುಚ್ಚುತ್ತದೆಯೋ, ಕೆನೆಯಂತೆ ಹರಡುತ್ತದೆಯೋ? ನಿಂಬೆ, ಹಸಿರು ಸೇಬು ಮುಂದಿವೆಯೋ, ಬಾದಾಮಿ, ಬೆಣ್ಣೆ, ಬ್ರೆಡ್ ಮುಂದಿವೆಯೋ? ಹುಳಿ ನಾಲಿಗೆಯ ಬದಿಗಳಲ್ಲಿ ನೀರೂರಿಸುತ್ತದೆಯೇ? ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ? ಇಷ್ಟಕ್ಕೆ ಅರ್ಧ ಗ್ಲಾಸ್ ಸಾಕು.

ಕೊಳ್ಳುವಾಗ

ಲೇಬಲ್ ಓದಲು ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ. ‘ಬ್ರೂಟ್’ ಎಂದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ. ‘ಎಕ್ಸ್‌ಟ್ರಾ ಡ್ರೈ’ ಅದಕ್ಕಿಂತ ಸಿಹಿ, 12ರಿಂದ 17 ಗ್ರಾಂ. ‘ಡೆಮಿ ಸೆಕ್’ 32ರಿಂದ 50 ಗ್ರಾಂ. ಕೇಕ್ ಜೊತೆ ಬ್ರೂಟ್ ಕೊಟ್ಟರೆ ಅದು ಬರೀ ಹುಳಿ ಎನಿಸುತ್ತದೆ; ಸಿಹಿಗೆ ಡೆಮಿ ಸೆಕ್ ಸರಿ. ಬ್ರೂಟ್‌ಗೆ ಕರಿದ ತಿಂಡಿ ಒಳ್ಳೆಯ ಜೋಡಿ. ಗೋಡಂಬಿ ಪಕೋಡದ ಜಿಡ್ಡನ್ನು ಅದರ ಹುಳಿ, ಗುಳ್ಳೆ ಎರಡೂ ಸೇರಿ ತೊಳೆಯುತ್ತವೆ.

ಬಾಟಲಿಯಲ್ಲೇ ಎರಡನೇ ಹುದುಗು ನಡೆಯುವ ವೈನಿಗಾಗಿ ಫ್ರಾನ್ಸಿನ ಬೆಲೆಯನ್ನೇ ತೆರಬೇಕಿಲ್ಲ. ಸ್ಪೇನಿನ ಕಾವಾ ಬಾಟಲಿಯಲ್ಲೇ ಹುದುಗಿ ಕನಿಷ್ಠ 9 ತಿಂಗಳು ಗಸಿಯ ಮೇಲಿರುತ್ತದೆ. ನಾಸಿಕ್ ಸುತ್ತ ಸುಲಾ, ದಿಂಡೋರಿಯ ಶಾಂದೋಂ ಇದೇ ಪದ್ಧತಿಯಲ್ಲಿ ಮಾಡುತ್ತಾರೆ. ನಮ್ಮ ಬಿಸಿಲಿಗೆ ಹಣ್ಣಿನ ಹುಳಿ ಬೇಗ ಇಳಿಯುವುದರಿಂದ, ಗುಳ್ಳೆಯ ವೈನಿಗೆ ಬೇಕಾದ ದ್ರಾಕ್ಷಿಯನ್ನು ಮುಂಚೆಯೇ ಕೊಯ್ಯುತ್ತಾರೆ. ಇಟಲಿಯ ಪ್ರೊಸೆಕ್ಕೊ ಸಾಮಾನ್ಯವಾಗಿ ದೊಡ್ಡ ಉಕ್ಕಿನ ತೊಟ್ಟಿಯಲ್ಲಿ ಹುದುಗುತ್ತದೆ. ಅದಕ್ಕೆ ಗಸಿಯ ಸಹವಾಸ ಕಡಿಮೆ, ಹಣ್ಣಿನ ತಾಜಾತನ ಹೆಚ್ಚು.

ಕಲಿಯಬೇಕೆನ್ನುವವರಿಗೆ ನಾನು ಹೇಳುವುದು ಒಂದೇ. ನಾಲ್ಕು ಜನ ಸ್ನೇಹಿತರು ಸೇರಿ ಒಂದು ಪ್ರೊಸೆಕ್ಕೊ, ಬಾಟಲಿಯಲ್ಲಿ ಹುದುಗಿದ ಒಂದು ವೈನ್ ತನ್ನಿ. ಹೆಸರು ಮುಚ್ಚಿ ಅಕ್ಕಪಕ್ಕ ಸುರಿದು, ಒಬ್ಬರನ್ನೊಬ್ಬರು ಕೇಳದೆ, ಕಂಡದ್ದನ್ನು ನಿಮ್ಮ ಮಾತಿನಲ್ಲೇ ಬರೆಯಿರಿ. ಸೇಬು ಎನಿಸಿದರೆ ಸೇಬು, ಬನ್ ಎನಿಸಿದರೆ ಬನ್. ಬೆಲೆ ನೋಡುವುದು ಆಮೇಲೆ. ಕಾಲ ಕೊಟ್ಟ ರುಚಿ ಯಾವುದು, ಹಣ್ಣು ಕೊಟ್ಟ ರುಚಿ ಯಾವುದು ಎಂದು ನಾಲಿಗೆ ಒಮ್ಮೆ ಗುರುತಿಸಿಬಿಟ್ಟರೆ, ಯಾವ ದಿನಕ್ಕೆ ಯಾವುದು ಬೇಕೆಂದು ನೀವೇ ಆರಿಸಬಲ್ಲಿರಿ.